ಜೋಳ ಹೆಚ್ಚಾಗಿದೆ

ಜಾಲಿಕೊಪ್ಪದ ರೊಟ್ಟಿ ಕೇಂದ್ರದ ಗೋಡೆಗೆ ಸರ್ಕಾರದ ಸಣ್ಣ ಉದ್ದಿಮೆ ಮಂಡಳಿಯವರು ಕಿವಿಯನ್ನು ಅಂಟಿಸಿ ಹೋದ ದಿನ ಗುರುಬಸವ್ವ ಮೊದಲು ಮಾಡಿದ ಕೆಲಸವೆಂದರೆ ಅದಕ್ಕೆ ಅರಿಸಿನ ಕುಂಕುಮ ಹಚ್ಚಿದ್ದು. ಅಂಗೈಯಗಲದ ಕರಿಯ ಬಿಲ್ಲೆ, ನಡುವೆ ಸಾಸಿವೆ ಕಾಳಿನಷ್ಟು ಹಸಿರು ದೀಪ. ಅದಕ್ಕೆ ಮಂಡಳಿಯವರು ಇಟ್ಟ ಹೆಸರು ಎರಡು ಸಾಲು ಉದ್ದವಿತ್ತು. ಅಂಥ ಹೆಸರುಗಳು ಫಲಕದ ಮೇಲೆ ಬದುಕುತ್ತವೆಯೇ ಹೊರತು ಜನರ ಬಾಯಲ್ಲಿ ಬದುಕುವುದಿಲ್ಲ. ಮೂರು ತಾಲೂಕಿನ ಜನ ಅದನ್ನು ಕಿವಿ ಎಂದೇ ಕರೆದರು.

ಯೋಚನೆ ಕೆಟ್ಟದ್ದೇನಾಗಿರಲಿಲ್ಲ. ಹಳ್ಳಿಯ ಸಣ್ಣ ಉದ್ದಿಮೆ ಸಾಯುವುದು ಅರ್ಜಿಯ ಕೈಯಲ್ಲಿ ಎಂದು ಯಾರೋ ಬುದ್ಧಿವಂತರು ಕಂಡುಕೊಂಡಿದ್ದರು. ಅರ್ಜಿ ಬರೆಯಲು ಬಾರದು, ಬರೆದರೆ ಲಗತ್ತು ಸಾಲದು, ಲಗತ್ತು ಇದ್ದರೆ ಸಾಹೇಬರಿಲ್ಲ. ಹಾಗಾದರೆ ಅರ್ಜಿಯೇ ಬೇಡ, ಬಾಯಿಬಿಟ್ಟು ಹೇಳಿದರೆ ಸಾಕು ಎಂದಾಯಿತು. ಗಾಣದವರು, ಕೌದಿ ಹೊಲಿಯುವವರು, ರೊಟ್ಟಿ ಬಡಿಯುವವರು, ಎಲ್ಲ ಸೇರಿ ಮೂರು ಸಾವಿರದ ನಾನೂರು ಗೋಡೆಗಳ ಮೇಲೆ ಕಿವಿ ಕೂತವು. ಕೆಲಸ ಮಾಡುತ್ತ ಜನ ಆಡಿದ್ದನ್ನು ಅವು ಕೇಳಿಸಿಕೊಳ್ಳುತ್ತಿದ್ದವು. ದಿನಾ ಸಂಜೆ ಐದಕ್ಕೆ ಜಿಲ್ಲಾ ಪಟ್ಟಣದ ನಿಯಂತ್ರಣ ಕೊಠಡಿಯಲ್ಲಿದ್ದ ಯಂತ್ರ ಆ ಮಾತುಗಳನ್ನೆಲ್ಲ ಒಟ್ಟುಗೂಡಿಸಿ, ಯಾರಿಗೆ ಏನು ಕೊರತೆ ಎಂದು ತೀರ್ಮಾನಿಸಿ ಲಾರಿಗಳಿಗೆ ದಾರಿ ಹೇಳುತ್ತಿತ್ತು. ಸಾಮಾನು ಸಾಲದವರಿಗೆ ಸಾಮಾನು, ಹೊಸಬರನ್ನು ಕೆಲಸಕ್ಕೆ ಇಟ್ಟುಕೊಂಡವರಿಗೆ ಅವರ ಕೂಲಿಯಲ್ಲಿ ಅರ್ಧ ಪಾಲು. ಯಾರಲ್ಲಿ ಎಲ್ಲವೂ ಹೆಚ್ಚಾಗಿ ತುಂಬಿದೆಯೋ ಅವರು 'ಸ್ವಾವಲಂಬಿ'. ಅವರಿಗೆ ಒಂದು ಪತ್ರ ಕೊಟ್ಟು, ಕೈಮುಗಿದು, ನೆರವು ನಿಲ್ಲಿಸುವುದು.

ನಾಲ್ಕು ಹೆಂಗಸರಿದ್ದ ಗುರುಬಸವ್ವನ ಕೇಂದ್ರದಲ್ಲಿ ಎರಡು ವರ್ಷದೊಳಗೆ ಹದಿನಾಲ್ಕು ಜನರಾದರು. ಗೋವಾದಲ್ಲಿ ಕಟ್ಟಡದ ಗಾರೆ ಹೊರುತ್ತಿದ್ದ ಹುಸೇನಬಿ ಊರಿಗೆ ವಾಪಸು ಬಂದದ್ದು ಇದೇ ಕೇಂದ್ರದ ದೆಸೆಯಿಂದ. ತಗಡಿನ ಶೆಡ್ಡಿನಲ್ಲಿ ಬೆಳಗಿನ ಆರಕ್ಕೆ ಶುರುವಾದ ರೊಟ್ಟಿ ಬಡಿಯುವ ಸಪ್ಪಳ ಮಧ್ಯಾಹ್ನದವರೆಗೂ ಊರಿಗೆಲ್ಲ ಕೇಳುತ್ತಿತ್ತು. ಈ ಕಿವಿಗೆ ಭಾಷೆ ಕಲಿಸಿದವಳು ಗುರುಬಸವ್ವನ ಅಕ್ಕನ ಮಗಳು ನೀಲಗಂಗಾ. ಚಿಗವ್ವನ ಮನೆಯಲ್ಲೇ ಬೆಳೆದು, ಅಲ್ಲಿಂದಲೇ ದಿನಾ ಬಸ್ಸು ಹಿಡಿದು ಪಟ್ಟಣದ ನಿಯಂತ್ರಣ ಕೊಠಡಿಗೆ ಹೋಗಿಬರುವವಳು. ಈ ಸೀಮೆಯ ಹನ್ನೊಂದು ಸಾವಿರ ಶಬ್ದಗಳನ್ನು ಒಂದೊಂದಾಗಿ ಯಂತ್ರಕ್ಕೆ ತಿಳಿಸಿ ಹೇಳಿದ್ದಳು. "ನಮ್ಮ ನೀಲಾ ಅದಕ ಮಾತು ಕಲಿಸ್ಯಾಳ" ಎಂದು ಗುರುಬಸವ್ವ ಅಂಚೆಯವನಿಂದ ಹಿಡಿದು ಬಳೆಗಾರನವರೆಗೆ ಎಲ್ಲರಿಗೂ ಹೇಳಿ ಮುಗಿಸಿದ್ದಳು.

ಮೊದಲ ಎರಡು ವರ್ಷ ಜೋಳದ ಲಾರಿ ತಿಂಗಳಿಗೊಮ್ಮೆ ತಾನಾಗಿ ಬರುತ್ತಿತ್ತು. ಕಿವಿ ಬರೀ ಕೇಳುತ್ತ, ಕಲಿಯುತ್ತ ಕೂತಿತ್ತು. ಯುಗಾದಿಯಿಂದ ನಿಯಮ ಬದಲಾಯಿತು. ಇನ್ನು ಮುಂದೆ ಕಿವಿ ಕೇಳಿಸಿಕೊಂಡದ್ದೇ ಆಧಾರ, ಕೇಳದೆ ಯಾರಿಗೂ ಲಾರಿ ಇಲ್ಲ.

ಯುಗಾದಿ ಕಳೆದು ಮೂರನೇ ವಾರಕ್ಕೆ ಗುರುಬಸವ್ವ ಚೀಲ ಕೊಡವಿ ಕೊನೆಯ ಜೋಳವನ್ನು ಗಿರಣಿಗೆ ಕಳಿಸಿದಳು. ಸೆರಗಿಗೆ ಕೈ ಒರೆಸಿಕೊಂಡು ಗೋಡೆಯ ಹತ್ತಿರ ಹೋಗಿ ಹೇಳಿದಳು. "ಕಿವಿಯಪ್ಪಾ, ಜ್ವಾಳ ಹೆಚ್ಚಾಗ್ಯಾವು ನೋಡಪಾ."

"ಸಂತೋಷ. ಜೋಳ ಹೆಚ್ಚಾಗಿದೆ ಎಂದು ದಾಖಲಿಸಿಕೊಂಡಿದ್ದೇನೆ," ಎಂದಿತು ಕಿವಿ.

ಕಾಳು ಮುಗಿಯಿತು ಎಂದು ಆ ಮನೆಯಲ್ಲಿ ಯಾರೂ ಹೇಳಿದವರಲ್ಲ. ಬಳೆ ಒಡೆದರೆ ಬಳೆ ಹೆಚ್ಚಿದವು, ದೀಪ ಆರಿಸಬೇಕಾದರೆ ದೀಪ ದೊಡ್ಡದು ಮಾಡು, ಡಬ್ಬಿಯ ತಳ ಕಂಡರೆ ಅಕ್ಕಿ ಹೆಚ್ಚಾಗಿದೆ. ಇದನ್ನು ಯಾರೂ ಯಾರಿಗೂ ಕೂರಿಸಿಕೊಂಡು ಕಲಿಸುವುದಿಲ್ಲ. ಇಲ್ಲ ಎಂದು ಅಂದರೆ ಇಲ್ಲದ್ದು ಮನೆಯಲ್ಲೇ ಕಾಲು ಚಾಚಿ ಕೂರುತ್ತದೆ ಎಂಬ ಹೆದರಿಕೆ ತಾಯಿಯ ಹಾಲಿನ ಜೊತೆ ಹೊಟ್ಟೆಗೆ ಹೋಗಿರುತ್ತದೆ.

ನಾಲ್ಕು ದಿನ ಕಾದರೂ ಲಾರಿ ಬರಲಿಲ್ಲ. ಹೆಂಗಸರು ತಮ್ಮ ತಮ್ಮ ಮನೆಯ ಹಿಟ್ಟು ತಂದು ಅಂಗಡಿಗಳಿಗೆ ಒಪ್ಪಿಕೊಂಡ ರೊಟ್ಟಿ ಪೂರೈಸಿದರು. ಹಂಚುಗಳಲ್ಲಿ ಅರ್ಧ ತಣ್ಣಗೆ ಕೂತವು. ಯಂತ್ರಕ್ಕೆ ಸ್ವಲ್ಪ ಗಟ್ಟಿಯಾಗಿ ಹೇಳಬೇಕೇನೋ ಎಂದುಕೊಂಡು ಗುರುಬಸವ್ವ ಮತ್ತೆ ಹೋಗಿ ನಿಂತಳು. "ಭಾಳ ಹೆಚ್ಚಾಗ್ಯಾವಪಾ. ಪೂರಾ ಹೆಚ್ಚಾಗ್ಯಾವು. ಚೀಲ ಜಾಡಿಸೀವಿ."

"ಅಭಿನಂದನೆಗಳು," ಎಂದಿತು ಕಿವಿ.

"ಯಾಕಕ್ಕಾ, ಇದು ಚಾಷ್ಟಿ ಮಾಡಾಕತ್ತೈತೇನು?" ಎಂದಳು ಹುಸೇನಬಿ.

"ಸರ್ಕಾರದ ಮಾತು ಹಂಗ ಇರತೈತಿ ತಗೋ. ಚಲೋ ಮಾತಾಡತೈತಿ, ಕೆಲಸ ತಡಾ ಮಾಡತೈತಿ," ಎಂದು ಗುರುಬಸವ್ವ ಸಮಾಧಾನ ಹೇಳಿದಳು. ಮನೆಯಲ್ಲಿ ನೀಲಗಂಗಾಳ ಮುಂದೆ ಇದನ್ನು ಎತ್ತಲಿಲ್ಲ. ಹುಡುಗಿ ತಾನೇ ಕಲಿಸಿದ ಯಂತ್ರ, ಅದರ ಮೇಲೆ ದೂರು ಹೇಳಿದರೆ ಬೇಸರ ಮಾಡಿಕೊಂಡಾಳು ಎಂದು.

ನಿಯಂತ್ರಣ ಕೊಠಡಿಯಲ್ಲಿ ಆ ಶುಕ್ರವಾರ ಪೇಡೆ ಹಂಚಿದರು. ಗೋಡೆಯಗಲದ ಪರದೆಯ ಮೇಲೆ ಮೂರು ತಾಲೂಕಿನ ನಕ್ಷೆ, ಅದರೊಳಗೆ ಒಂದೊಂದು ಉದ್ದಿಮೆಗೂ ಒಂದು ಚುಕ್ಕೆ. ಕೊರತೆಯ ಕೆಂಪು ಚುಕ್ಕೆಗಳು ಒಂದೇ ತಿಂಗಳಲ್ಲಿ ಸರಸರನೆ ಹಸಿರಾಗುತ್ತಿದ್ದವು. ಕರಾವಳಿ ಕಡೆಯಿಂದ ಬಂದ ಮುಖ್ಯಸ್ಥ ಕೆದಿಲಾಯರು ನಕ್ಷೆಯ ಮುಂದೆ ಕೈಕಟ್ಟಿ ನಿಂತು ಮದುವೆ ಮನೆಯ ಯಜಮಾನನಂತೆ ನಗುತ್ತಿದ್ದರು.

"ನೂರಾ ಹನ್ನೆರಡು ಘಟಕ ಸ್ವಾವಲಂಬಿ ಆದವು ಮಾರಾಯ್ರೆ. ಸೋಮವಾರ ಎಲ್ಲರಿಗೂ ಪತ್ರ ಕೊಡುವ ಸಮಾರಂಭ. ಪಟ್ಟಿ ಒಮ್ಮೆ ನೋಡಿ, ಹೆಸರುಗಳ ಕಾಗುಣಿತ ತಪ್ಪಿರ್ಬಾರ್ದು."

ನೀಲಗಂಗಾ ಪೇಡೆಯನ್ನು ಬಾಯಿಗೆ ಹಾಕಿಕೊಂಡು ಪಟ್ಟಿ ಹಿಡಿದು ಕೂತಳು. ನಲವತ್ತೇಳನೆಯ ಸಾಲಿನಲ್ಲಿ 'ಗುರುಬಸವ್ವ, ರೊಟ್ಟಿ ಕೇಂದ್ರ, ಜಾಲಿಕೊಪ್ಪ' ಎಂದಿತ್ತು. ಅವಳಿಗೆ ಖುಷಿಯೇನೂ ಆಗಲಿಲ್ಲ. ನಿನ್ನೆ ತಾನೆ ಮನೆಯ ಹಿಟ್ಟಿನ ಡಬ್ಬಿ ಶೆಡ್ಡಿಗೆ ಹೋಗುವುದನ್ನು ಕಣ್ಣಾರೆ ಕಂಡಿದ್ದಳು. ತನ್ನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಆ ಕೇಂದ್ರದ ಧ್ವನಿಮುದ್ರಣ ಹಾಕಿಸಿದಳು. ಚಿಗವ್ವನ ದನಿ ಬಂತು. ಭಾಳ ಹೆಚ್ಚಾಗ್ಯಾವಪಾ. ಪೂರಾ ಹೆಚ್ಚಾಗ್ಯಾವು.

ಅದನ್ನೇ ಇನ್ನೊಮ್ಮೆ ಹಾಕಿಸಿದಳು. ಪಟ್ಟಿಯಲ್ಲಿದ್ದ ಇನ್ನೂ ಇಪ್ಪತ್ತು ಕಡೆಯ ಮಾತು ಕೇಳಿದಳು. ಗಾಣದ ಮುದುಕಿ ಎಣ್ಣೆ ಹೆಚ್ಚಾಗಿದೆ ಎಂದಿದ್ದಳು. ಕೌದಿಯವರಿಗೆ ದಾರ ಹೆಚ್ಚಾಗಿತ್ತು. ಇತ್ತ ಕೆಂಪಾಗಿಯೇ ಉಳಿದವರ ಮಾತನ್ನೂ ಕೇಳಿದಳು. ಮೂರು ಗೋದಾಮು ತುಂಬಿಸಿಟ್ಟುಕೊಂಡ ಬೇಳೆ ಮಿಲ್ಲಿನ ಚನವೀರಪ್ಪ ಸಾವ್ಕಾರರು ಕಣ್ಣುಬಿದ್ದೀತು ಎಂಬ ಹೆದರಿಕೆಗೆ ದಿನಾ ಬೆಳಿಗ್ಗೆ ಹೇಳಿಕೊಂಡಿದ್ದರು. "ಏನೈತ್ರೀ, ಏನೂ ಇಲ್ರೀ. ಯಾಪಾರ ಅಂತೂ ಕೇಳಬ್ಯಾಡ್ರಿ." ಯಂತ್ರ ಅವರನ್ನು ಕನಿಕರದಿಂದ ನೋಡಿಕೊಂಡಿತ್ತು. ಈ ತಿಂಗಳಲ್ಲೇ ನಾಲ್ಕು ಲಾರಿ ಕಳಿಸಿತ್ತು.

ತಪ್ಪು ಯಂತ್ರದ್ದಲ್ಲ ಎಂದು ನೀಲಗಂಗಾಳಿಗೆ ಚೆನ್ನಾಗಿ ಗೊತ್ತಿತ್ತು. ಎರಡು ವರ್ಷದ ಹಿಂದೆ ಅವಳ ಕೆಲಸದ ಮೊದಲ ದಿನ ಯಂತ್ರಕ್ಕೆ ಹೂವಿನ ಹಾರ ಹಾಕಿ, ಕಾಯಿ ಒಡೆದು, ಶಬ್ದಗಳ ಕಡತ ತೆರೆದಿದ್ದರು. ಅಕಾರದಿಂದ ಶುರು. ಎರಡನೆಯ ಕಡತದ ಹೆಸರು 'ಅಶುಭ ಸೂಚಕ ಪದಗಳು' ಎಂದಿತ್ತು. ಮುಗಿಯುವುದು, ಒಡೆಯುವುದು, ಆರುವುದು, ಸಾಯುವುದು, ಇವಕ್ಕೆ ಜನ ಏನೇನು ಹೇಳುತ್ತಾರೆ ಎಂದು ತುಂಬಬೇಕಿತ್ತು. ಅವತ್ತು ಶುಕ್ರವಾರ, ಮೊದಲ ನೌಕರಿ, ಕೈಗೆ ಹೊಸ ಬಳೆ. ಅವಳು ಬೆರಳು ಹಿಂದಕ್ಕೆ ತೆಗೆದುಕೊಂಡಿದ್ದಳು. ಕೆದಿಲಾಯರೂ ನೋಡಿ, "ಪೂಜೆ ಆದ ದಿನ ಅದೆಲ್ಲ ಎಂತಕ್ಕೆ? ಬಿಡಿ, ಆಮೇಲೆ ಮಾಡುವ," ಎಂದಿದ್ದರು. ಆ ಆಮೇಲೆ ಬರಲೇ ಇಲ್ಲ. ಮುಂದೆಯೂ ಎಷ್ಟೋ ಸಲ ಆ ಕಡತ ಕಣ್ಣಿಗೆ ಬಿದ್ದಿತ್ತು, ಪ್ರತಿ ಸಲವೂ ಇವತ್ತು ಬೇಡ ಎನಿಸಿತ್ತು. ಕಾಳು ಮುಗಿಯಿತು ಎಂದು ಚಿಗವ್ವ ಹೇಳಲಾರಳು, ಸರಿ. ಓದಿದ ಮಗಳಿಗೆ ಬರೆಯಲೂ ಆಗಲಿಲ್ಲ.

"ಸರ್, ಅವರಿಗೆ ಹೆಚ್ಚಾಗಿಲ್ರಿ. ಖಾಲಿ ಆಗೈತಿ," ಎಂದು ಅವಳು ಕೆದಿಲಾಯರ ಮುಂದೆ ಎಲ್ಲ ಬಿಡಿಸಿ ಹೇಳಿದಳು.

ಕೆದಿಲಾಯರು ಕೂತರು. ಕನ್ನಡಕ ತೆಗೆದು ಒರೆಸಿದರು. ಆ ಮನುಷ್ಯ ಕೆಟ್ಟವನಲ್ಲ ಎಂಬುದೇ ಈ ಕಥೆಯ ಕಷ್ಟ. "ನಮ್ಮಲ್ಲಿಯೂ ದೀಪ ನಂದಿಸು ಅಂತ ಹೇಳ್ಲಿಕ್ಕಿಲ್ಲ," ಎಂದರು ಮೆತ್ತಗೆ. "ನನಗೆ ಹೊಳೀಬೇಕಿತ್ತು. ಆದ್ರೆ ಸೋಮವಾರದ ಆಮಂತ್ರಣ ಹೋಗಿ ಆಗಿದೆ. ಈಗ ನೂರಾ ಹನ್ನೆರಡು ಹಸಿರನ್ನು ಕೆಂಪು ಮಾಡಿದ್ರೆ ಯೋಜನೆಯನ್ನೇ ಮುಚ್ಚಿಬಿಡ್ತಾರೆ. ಸಮಾರಂಭ ಆಗಲಿ, ಆ ಕಡತ ತುಂಬುವ."

"ಪತ್ರ ಕೊಟ್ಟಮ್ಯಾಲ ಅವರಿಗೆ ಮತ್ತ ನೆರವು ಸಿಗತೈತೇನ್ರಿ?"

"ಸ್ವಾವಲಂಬಿಯನ್ನು ಪುನಃ ಅವಲಂಬಿ ಮಾಡುವ ನಿಯಮ ಇಲ್ಲ. ಒಂದೇ ದಾರಿ ಉಂಟು. ನಾಳೆ ಸಂಜೆ ಐದರ ಒಳಗೆ ಮಾಲಕರು ತಮ್ಮ ಬಾಯಿಂದಲೇ ಸಾಮಾನು ಇಲ್ಲ ಅಂತ ಹೇಳಿದ್ರೆ ಯಂತ್ರವೇ ಪಟ್ಟಿಯಿಂದ ತೆಗೀತದೆ." ಆಮೇಲೆ ಅವಳ ಮುಖ ನೋಡಿ ಸೇರಿಸಿದರು. "ನೀವು ಹೋಗಿ ಹೇಳಿಸ್ಲಿಕ್ಕಿಲ್ಲ, ಆಯ್ತಾ? ಹೇಳಿಕೊಟ್ಟ ಮಾತನ್ನು ಯಂತ್ರ ಹಿಡೀತದೆ."

ನೂರಾ ಹನ್ನೆರಡು ಘಟಕಗಳಲ್ಲಿ ನೀಲಗಂಗಾಳಿಗೆ ಆ ಹೊತ್ತಿಗೆ ನೆನಪಾದದ್ದು ಒಂದೇ. ಇದನ್ನು ಮುಚ್ಚಿಟ್ಟು ಅವಳನ್ನು ದೊಡ್ಡವಳು ಮಾಡುವುದು ಬೇಡ.

ಶನಿವಾರ ಬೆಳಿಗ್ಗೆ ಶೆಡ್ಡಿನಲ್ಲಿ ಎರಡೇ ಹಂಚು ಕಾದಿದ್ದವು. ಉಳಿದ ಹೆಂಗಸರು ಕೆಲಸವಿಲ್ಲದೆ ಗೋಡೆಗೆ ಆನಿಕೊಂಡು ಕೂತಿದ್ದರು. ನೀಲಗಂಗಾ ಚಿಗವ್ವನನ್ನು ಹೊರಗೆ ಬೇವಿನ ಮರದ ಕೆಳಗೆ ಕರೆದು ವಿಷಯ ತಿಳಿಸಿದಳು.

"ಇಲ್ಲ ಅಂತ ಹೆಂಗ ಅನ್ನೂದವ್ವಾ?" ಎಂದಳು ಗುರುಬಸವ್ವ. "ಉಣ್ಣೂ ಕಾಳಿಗೆ ಇಲ್ಲ ಅಂದ ಬಾಯಿ ಮುಂದ ಏನ್ ಉಂಡೀತು?"

"ಅದು ಮಷೀನ್ ಚಿಗವ್ವಾ. ಅದಕ ಒಳ್ಳೇದು ಕೆಟ್ಟದ್ದು ಗೊತ್ತಾಗೂದಿಲ್ಲ."

"ನನಗ ಗೊತ್ತಾಗತೈತಲ್ಲ."

"ಒಂದ ಸಲ ಅನ್ನು ಸಾಕು. ಇಲ್ಲಾಂದ್ರ ಹದಿನಾಕು ಮಂದಿ ಮನಿಗೆ ಹೋಗಬೇಕಾಗತೈತಿ."

ಗುರುಬಸವ್ವ ಒಳಗೆ ಕೂತವರನ್ನು ಒಂದು ಸಲ ನೋಡಿದಳು. ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದಳು. ತಲೆಯ ಮೇಲೆ ಸೆರಗು ಎಳೆದುಕೊಂಡು ಕಿವಿಯ ಮುಂದೆ ನಿಂತಳು. ಏನು ನಡೆಯಲಿದೆ ಎಂದು ತಿಳಿದ ಹೆಂಗಸರು ಒಬ್ಬೊಬ್ಬರಾಗಿ ಮುಖ ಆಚೆ ತಿರುಗಿಸಿದರು. ಹುಸೇನಬಿ ಹಿಟ್ಟಿನ ಪರಾತಕ್ಕೆ ಬಟ್ಟೆ ಮುಚ್ಚಿದಳು, ಅದಕ್ಕೆ ಕೇಳಿಸದಿರಲಿ ಎನ್ನುವ ಹಾಗೆ.

"ಅಪಾ," ಎಂದಳು ಗುರುಬಸವ್ವ. "ಜ್ವಾಳ..." ಅಷ್ಟಕ್ಕೇ ನಿಂತಿತು. ಅರವತ್ತು ವರ್ಷ ಆಡದ ಮಾತು ನಾಲಿಗೆಗೆ ಬರಲಿಲ್ಲ. ಮತ್ತೆ "ಜ್ವಾಳ" ಎಂದಳು. ಕಣ್ಣಲ್ಲಿ ನೀರು ಬಂತು.

ನೀಲಗಂಗಾಳಿಗೆ ತಡೆಯಲಾಗಲಿಲ್ಲ. ಹಿಂದಿನಿಂದ ಪಿಸುಗುಟ್ಟಿದಳು. "ಇಲ್ಲ ಅನ್ನು ಚಿಗವ್ವಾ. ತೀರ್ಯಾವು ಅನ್ನು."

"ಜ್ವಾಳ ಇಲ್ಲ," ಎಂದಳು ಗುರುಬಸವ್ವ. "ತೀರ್ಯಾವು."

ಹಸಿರು ದೀಪ ಹಳದಿಯಾಯಿತು. ಕಿವಿ ಎಂದಿನಂತೆ ತಟ್ಟನೆ ಉತ್ತರ ಕೊಡಲಿಲ್ಲ. ಸ್ವಲ್ಪ ತಡೆದು, "ದಾಖಲಿಸಿಕೊಂಡಿದ್ದೇನೆ. ಪರಿಶೀಲನೆಗೆ ಕಳಿಸಿದ್ದೇನೆ," ಎಂದಿತು. ಗುರುಬಸವ್ವ ಆ ದಿನ ಮಧ್ಯಾಹ್ನ ಊಟ ಮಾಡಲಿಲ್ಲ.

ಮೂರು ಗಂಟೆಗೆ ಕೆದಿಲಾಯರು ನೀಲಗಂಗಾಳನ್ನು ಕೊಠಡಿಗೆ ಕರೆಸಿಕೊಂಡು ಬಾಗಿಲು ಹಾಕಿದರು. ಒಂದು ಗುಂಡಿ ಒತ್ತಿದರು. ಅವಳ ಪಿಸುಮಾತು ಸಭೆಯಲ್ಲಿ ಮೈಕು ಹಿಡಿದು ಹೇಳಿದಷ್ಟು ಸ್ಪಷ್ಟವಾಗಿ ಕೇಳಿಸಿತು. ಪರದೆಯ ಮೇಲೆ ಒಂದು ಸಾಲಿತ್ತು. ಎರಡನೆಯ ಧ್ವನಿ ಮಂಡಳಿಯ ನೌಕರರದ್ದು, ಹೇಳಿಕೆ ಪ್ರೇರಿತ.

"ಹೇಳಿದ್ದೆ ನಾನು," ಎಂದರು ಅವರು. ಸಿಟ್ಟಿನಿಂದಲ್ಲ, ದಣಿವಿನಿಂದ. "ಇದು ಈಗ ಮೇಲಿನವರಿಗೂ ಹೋಗಿದೆ. ಕೇಂದ್ರ ಹೇಗೂ ಉಳಿಯುವುದಿಲ್ಲ. ಪ್ರೇರಿತ ಹೇಳಿಕೆ ಅಂತ ಬಿದ್ದ ಘಟಕವನ್ನು ಯೋಜನೆಯಿಂದಲೇ ತೆಗೀತಾರೆ. ಪತ್ರವೂ ಇಲ್ಲ, ನೆರವೂ ಇಲ್ಲ. ಇನ್ನು ಉಳಿದದ್ದು ನಿಮ್ಮ ವಿಷಯ." ಒಂದು ಹಾಳೆ ಮುಂದಕ್ಕೆ ಸರಿಸಿದರು. ಮಾಲಕಿಯು ನೆಂಟಸ್ತಿಕೆಯ ಸಲಿಗೆಯಿಂದ ಒತ್ತಾಯಿಸಿದ ಕಾರಣ, ಇಲ್ಲದ ಕೊರತೆಯನ್ನು ದಾಖಲಿಸಲು ನಾನು ಸಹಕರಿಸಬೇಕಾಯಿತು ಎಂದು ಅದರಲ್ಲಿ ಬರೆದಿತ್ತು.

"ಇದು ಖರೆ ಅಲ್ರಿ ಸರ್."

"ಅಲ್ಲ. ನನಗೂ ಗೊತ್ತುಂಟು. ಇದಕ್ಕೆ ಸಹಿ ಹಾಕದಿದ್ರೆ ಇವತ್ತೇ ನಿಮ್ಮನ್ನು ತೆಗೀತಾರೆ. ಆಮೇಲೆ ಆ ಕಡತ ಯಾರು ಬರೆಯುವುದು? ನಿಮ್ಮ ಕಡೆಯ ಶಬ್ದ ನನಗೆ ಬರುವುದಿಲ್ಲ. ಮುಂದಿನ ತಿಂಗಳು ಇನ್ನೊಂದು ಇನ್ನೂರು ಜನ ಹೆಚ್ಚಾಗಿದೆ ಅಂತಾರೆ, ನಾವು ಇನ್ನೂರು ಪತ್ರ ಕೊಡ್ತೇವೆ."

ನೀಲಗಂಗಾ ಹಾಳೆಯನ್ನು ಎರಡು ಸಲ ಓದಿದಳು. ಒಂದು ಕಡೆ ಮೂರು ಸಾವಿರಕ್ಕೂ ಮೇಲೆ ಉದ್ದಿಮೆಗಳು, ಇನ್ನೊಂದು ಕಡೆ ಹೇಗೂ ಹೋಗಲಿರುವ ಒಂದು. ಈ ತರ್ಕದಲ್ಲಿ ತಪ್ಪಿರಲಿಲ್ಲ. ಆದರೆ ಅವಳ ಕೈ ಪೆನ್ನು ತೆಗೆದುಕೊಂಡದ್ದು ಆ ತರ್ಕಕ್ಕಷ್ಟೇ ಅಲ್ಲ. ಆ ಕುರ್ಚಿ, ಆ ಗುರುತಿನ ಚೀಟಿ, ಬಸ್ಸಿನಲ್ಲಿ ಜನ ಮೇಡಂ ಎಂದು ಜಾಗ ಬಿಡುವುದು, ಇವೂ ಬೇಕಾಗಿದ್ದವು. ಸಹಿ ಹಾಕಿದಳು.

ಸೋಮವಾರ ನೂರಾ ಹನ್ನೊಂದು ಪತ್ರಗಳು ಹಂಚಿಕೆಯಾದವು. ಗಾಣದ ಮುದುಕಿ ತನ್ನ ಪತ್ರವನ್ನು ಕಣ್ಣಿಗೆ ಒತ್ತಿಕೊಂಡಳು. ಅದು ಎಣ್ಣೆಕಾಳಿನ ಲಾರಿಯ ಚೀಟಿ ಎಂದು ಅವಳು ತಿಳಿದುಕೊಂಡಿದ್ದಳು.

ಆಮೇಲೆ ನೀಲಗಂಗಾ ಮೂರು ವಾರ ಕೂತು ಆ ಕಡತ ತುಂಬಿದಳು. ಸೂತಕದವರ ಹಾಗೆ ಯಾರ ಜೊತೆಗೂ ಮಾತಾಡದೆ, ಈ ಸೀಮೆಯ ಜನ ಹೆದರಿ ಮುಚ್ಚಿಟ್ಟ ಒಂದೊಂದು ಅರ್ಥವನ್ನೂ ಬಿಚ್ಚಿ ಬರೆದಳು. ಎಲ್ಲಿ ಹೆಚ್ಚು ಎಂದರೆ ಹೆಚ್ಚು, ಎಲ್ಲಿ ಹೆಚ್ಚು ಎಂದರೆ ಸೊನ್ನೆ ಎಂದು ದನಿಯ ಏರಿಳಿತದ ಸಮೇತ ಕಲಿಸಿದಳು. ಯಂತ್ರ ಬೇಗ ಕಲಿಯಿತು. ಮುಂದಿನ ತಿಂಗಳಿಂದ ಕಾಳು ಹೆಚ್ಚಾಗಿದೆ ಎಂದವರ ಬಾಗಿಲಿಗೆ ಮೂರನೇ ದಿನಕ್ಕೇ ಲಾರಿ ಬಂತು. ಮಂಡಳಿ ಅವಳ ನೌಕರಿಯನ್ನು ಕಾಯಂ ಮಾಡಿತು.

ಜಾಲಿಕೊಪ್ಪದ ಗೋಡೆಯಿಂದ ಕಿವಿಯನ್ನು ಮಾತ್ರ ಕಿತ್ತುಕೊಂಡು ಹೋಗಿದ್ದರು. ಕೂಲಿಯ ಪಾಲು ನಿಂತಿತು, ಅಂಗಡಿಯವರು ಬೇರೆ ಊರಿನ ರೊಟ್ಟಿ ಹಿಡಿದರು, ಬೆಳಗಿನ ಆ ಸಪ್ಪಳ ನಿಂತುಹೋಯಿತು. ಕೇಂದ್ರದ ನಾಲ್ವರು ಹೆಂಗಸರನ್ನು ಚನವೀರಪ್ಪ ಸಾವ್ಕಾರರು ಬೇಳೆ ಆರಿಸಲು ಸೇರಿಸಿಕೊಂಡರು. ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಅದು ಹೊಸದಾಗಿ ಸೃಷ್ಟಿಯಾದ ನಾಲ್ಕು ಉದ್ಯೋಗ ಎಂದು ಬಂತು. ಹದಿನಾಲ್ಕು ಹೋದದ್ದು ಎಲ್ಲಿಯೂ ಬರಲಿಲ್ಲ, ಯೋಜನೆಯಿಂದ ತೆಗೆದ ಘಟಕಕ್ಕೆ ನಕ್ಷೆಯಲ್ಲಿ ಚುಕ್ಕೆಯೇ ಇರಲಿಲ್ಲ. ಹುಸೇನಬಿ ಗೋವಾದ ಬಸ್ಸು ಹತ್ತಿದಳು.

ಗುರುಬಸವ್ವ ಯಾರನ್ನೂ ಬೈಯಲಿಲ್ಲ. ತನ್ನನ್ನೇ ಬೈದುಕೊಂಡಳು. ದಿನಾ ಬೆಳಿಗ್ಗೆ ಒಲೆಯ ಮುಂದೆ ಅದೇ ಮಾತು. "ನನ್ನ ಬಾಯಿಂದ ಬಂತವ್ವಾ ಆ ಮಾತು. ಇಲ್ಲ ಅಂದೆ, ಇಲ್ಲದಂಗ ಆತು. ಎಲ್ಲಾರ ಅನ್ನಕ್ಕ ನಾನ ಮಣ್ಣು ಹಾಕಿದೆ."

ನೀಲಗಂಗಾ ಇದನ್ನು ಎರಡು ತಿಂಗಳು ಕೇಳಿದಳು. ಒಂದು ದಿನ ಬೆಳಿಗ್ಗೆ ತಟ್ಟೆಯ ಮುಂದೆ ಕೂತವಳು ಮುರಿದ ರೊಟ್ಟಿಯನ್ನು ಹಾಗೇ ಕೆಳಗಿಟ್ಟಳು.

"ನಿನ್ನ ಬಾಯಿಂದ ಆಗಿದ್ದಲ್ಲ ಚಿಗವ್ವಾ. ನನ್ನ ಕೈಯಿಂದ ಆಗಿದ್ದು," ಎಂದಳು. ಬರೆಯದೆ ಬಿಟ್ಟ ಕಡತದಿಂದ ಹಿಡಿದು ಸಹಿ ಹಾಕಿದ ಹಾಳೆಯವರೆಗೆ ಎಲ್ಲ ಹೇಳಿದಳು. ಆ ಸಹಿಯಿಂದ ಎಷ್ಟು ಜನರಿಗೆ ಒಳ್ಳೆಯದಾಯಿತು ಎಂದೂ ಹೇಳಿದಳು. ಹೇಳುವಾಗಲೇ ಅದು ತನ್ನ ಕಿವಿಗೇ ಸಮಾರಂಭದ ಭಾಷಣದ ಹಾಗೆ ಕೇಳಿಸಿತು.

ಗುರುಬಸವ್ವ ಒಲೆಯ ಕಡೆ ಮುಖ ಮಾಡಿಯೇ ಕೂತಿದ್ದಳು.

"ನಾ ನಿನಗ ಜೋರು ಮಾಡೇನಿ ಅಂತ ಬರದಿತ್ತೇನು ಅದರಾಗ?"

"ಹೂಂ."

"ಓದಿ ಸಹಿ ಮಾಡಿದಿ?"

"ಎರಡ ಸಲ ಓದಿ ಮಾಡಿದೆ."

ಗುರುಬಸವ್ವ ಹಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿ ಹಾಕಿದಳು, ಅದು ಉಬ್ಬುವ ತನಕ ಕಾದಳು, ತೆಗೆದು ಬುಟ್ಟಿಗಿಟ್ಟಳು. ಹೊರಗೆ ಪಟ್ಟಣದ ಬಸ್ಸು ಬಂದು ನಿಂತ ಸದ್ದಾಯಿತು. ನೀಲಗಂಗಾ ಕೈತೊಳೆದು ಚೀಲ ಹೆಗಲಿಗೆ ಹಾಕಿಕೊಂಡು ಹೊಸ್ತಿಲವರೆಗೆ ಹೋದಳು.

"ಬರ್ತೀನಿ ಚಿಗವ್ವಾ."

"ಹೋಗು," ಎಂದಳು ಗುರುಬಸವ್ವ.

ನೀಲಗಂಗಾ ಇನ್ನೊಂದು ಶಬ್ದಕ್ಕಾಗಿ ಹೊಸ್ತಿಲಲ್ಲೇ ನಿಂತಳು. ಬಸ್ಸಿನವನು ಎರಡನೇ ಸಲ ಹಾರ್ನ್ ಹೊಡೆದ. ಮೂರನೇ ಸಲವೂ ಹೊಡೆದ. ಒಳಗೆ ಚಿಗವ್ವ ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಂಡು ರೊಟ್ಟಿ ಬಡಿಯತೊಡಗಿದ್ದಳು.